ಬೇಲೂರು, ಹಳೇಬೀಡು ಒಂದೇ ದಿನದಲ್ಲಿ ನೋಡಲು ಸಾಧ್ಯವೇ? ಯಾವುದನ್ನು ಮೊದಲು ನೋಡಬೇಕು?

ಆರಾಮವಾಗಿ ನೋಡಬಹುದು, ನಡುವೆ ಇರುವುದು ಸುಮಾರು 16 ಕಿ.ಮೀ. ಅಷ್ಟೇ. ಆದರೆ ಬೇಲೂರನ್ನೇ ಮೊದಲು ಇಟ್ಟುಕೊಳ್ಳಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ಇದೆ. ಮಧ್ಯಾಹ್ನ ಗರ್ಭಗುಡಿ ಮುಚ್ಚುತ್ತದೆ. ಆ ಹೊತ್ತಿಗೆ ಬಂದವರು ದರ್ಶನವಿಲ್ಲದೆ ಕಾಯುವುದು ಮಾಮೂಲಿ.

ಮೊದಲು ದರ್ಶನ ಮುಗಿಸಿ, ಆಮೇಲೆ ಶಿಲ್ಪ. ನವರಂಗದೊಳಗೆ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಸಭಾಂಗಣದಲ್ಲಿ, ಜಾಲಂಧ್ರಗಳಿಂದ (ಕಲ್ಲಿನ ಜಾಲರಿ ಕಿಟಕಿಗಳಿಂದ) ಬರುವ ಬೆಳಕು ಸಾಲದು. ಭುವನೇಶ್ವರಿಯ (ನಡುವಿನ ಕೆತ್ತನೆಯ ಛಾವಣಿಯ) ಕೆಳಗೆ ನಿಂತು ನಾಲ್ಕು ಮೂಲೆಯ ಮದನಿಕೆಯರನ್ನು, ಅಂದರೆ ಸುಂದರಿಯರ ಶಿಲ್ಪಗಳನ್ನು, ನೋಡಲು ಟಾರ್ಚ್ ಬೇಕು, ಬೆಳಕನ್ನು ನೇರವಾಗಿ ಬಿಡದೆ ಓರೆಯಾಗಿ ಬಿಡಿ, ಆಗ ಕೆತ್ತನೆಯ ಆಳ ಕಾಣುತ್ತದೆ. ಹೊರಗಿನ ಮದನಿಕೆಯರು ಸೂರಿನಡಿ ಎತ್ತರದಲ್ಲಿದ್ದಾರೆ. ಚಿಕ್ಕ ದುರ್ಬೀನಿದ್ದರೆ ಉತ್ತಮ. ಜಗತಿಯ (ದೇವಾಲಯ ನಿಂತಿರುವ ಎತ್ತರದ ಕಟ್ಟೆಯ) ಮೇಲೆ ದೇವಾಲಯ ಬಲಕ್ಕಿರುವಂತೆ ಪ್ರದಕ್ಷಿಣೆ ಬನ್ನಿ. ಚಪ್ಪಲಿ ಹೊರಗೇ ಬಿಡಬೇಕು, ಬೇಸಿಗೆಯಲ್ಲಿ ಹತ್ತು ಗಂಟೆ ದಾಟಿದರೆ ಅಂಗಳದ ಕಲ್ಲು ಸುಡುತ್ತದೆ. ದಪ್ಪ ಕಾಲುಚೀಲ ಮರೆಯಬೇಡಿ.

ಊಟ ಮುಗಿಸಿ ಹಳೇಬೀಡಿಗೆ ಹೊರಡಿ. ಅಲ್ಲಿನ ಹೊಯ್ಸಳೇಶ್ವರ ದೇವಾಲಯದ ಅತ್ಯುತ್ತಮ ಶಿಲ್ಪಗಳು ಹಿಂಭಾಗದ, ಅಂದರೆ ಪಶ್ಚಿಮದ ಗೋಡೆಯಲ್ಲಿವೆ. ಬಿಸಿಲು ಅಲ್ಲಿಗೆ ಬೀಳುವುದೇ ಮಧ್ಯಾಹ್ನದ ನಂತರ. ಹೆಚ್ಚಿನವರು ನಂದಿ ಮಂಟಪದ ಬಳಿ ಫೋಟೊ ತೆಗೆದು ಹೊರಟುಬಿಡುತ್ತಾರೆ, ಪಾಪ. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆಯ ಪಟ್ಟಿಗಳನ್ನು ದಾಟಿ ಕಣ್ಣು ಮೇಲೇರಿದರೆ ರಾಮಾಯಣ, ಮಹಾಭಾರತದ ದೃಶ್ಯಗಳು ಸಿಗುತ್ತವೆ. ಆವರಣದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಹತ್ತಿರದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳಿವೆ, ಅದಕ್ಕೂ ಅರ್ಧ ಗಂಟೆ ಉಳಿಸಿಕೊಳ್ಳಿ.