ಕಡಲಾಮೆ ಮತ್ತು ತೊರಕೆ ನೆಂಟರಾ?

ಪ್ರಶ್ನೆ: ಲಕ್ಷದ್ವೀಪದ ಅಗತ್ತಿಯಲ್ಲಿ ಸ್ನಾರ್ಕೆಲಿಂಗ್ ಮಾಡುವಾಗ ಹಸಿರು ಕಡಲಾಮೆ ಕಂಡಿತು. ಆಮೇಲೆ ಕಪ್ಪು ಬೆನ್ನಿನ ಮೇಲೆ ಬಿಳಿ ಚುಕ್ಕೆಗಳಿದ್ದ ದೊಡ್ಡ ತೊರಕೆ ಮೀನು. ಎರಡೂ ರೆಕ್ಕೆ ಬಡಿದ ಹಾಗೇ ಈಜುತ್ತಿದ್ದವು. ಇವಕ್ಕೆ ಏನಾದರೂ ಸಂಬಂಧ ಇದೆಯಾ? ಯಾವುದರಿಂದ ಅಪಾಯ ಜಾಸ್ತಿ?
– ಓದುಗರು, ಮಂಗಳೂರು

ಉತ್ತರ: ಈಜುವ ರೀತಿ ಬಿಟ್ಟರೆ ಸಂಬಂಧ ಏನೂ ಇಲ್ಲ. ಆಮೆ ಸರೀಸೃಪ. ಅದರ ರೆಕ್ಕೆ ಅಂದರೆ ಮುಂಗಾಲು, ಒಳಗೆ ಬೆರಳಿನ ಮೂಳೆಗಳೂ ಇವೆ. ನೀವು ಕಂಡ ತೊರಕೆ ಈಗಲ್ ರೇ ಜಾತಿಯದು, ಶಾರ್ಕಿನ ಬಳಗದ ಮೀನು. ಅದರಲ್ಲಿ ಗಟ್ಟಿ ಮೂಳೆಯೇ ಇಲ್ಲ, ಮೈಯೆಲ್ಲ ನಮ್ಮ ಮೂಗಿನ ತುದಿಯಲ್ಲಿರುವಂಥ ಮೆದು ಎಲುಬು.

ಆಮೆಗೆ ಶ್ವಾಸಕೋಶ ಇದೆ. ನಿದ್ದೆ ಮಾಡುವಾಗ ಗಂಟೆಗಟ್ಟಲೆ ಉಸಿರು ಹಿಡಿದರೂ ಕೊನೆಗೆ ಮೇಲೆ ಬರಲೇಬೇಕು, ಟ್ರಾಲ್ ಬಲೆಯಲ್ಲಿ ಸಿಕ್ಕಿ ಸಾಯುವುದೂ ಉಸಿರುಗಟ್ಟಿಯೇ. ತೊರಕೆಗೆ ಕಿವಿರು, ಆ ಚಿಂತೆ ಇಲ್ಲ. ಆಮೆ ದಡಕ್ಕೆ ಬಂದು ಮರಳಲ್ಲಿ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತದೆ. ಈಗಲ್ ರೇ ನೀರಲ್ಲೇ ಮರಿ ಹಾಕುತ್ತದೆ, ಅದೂ ಕೆಲವೇ ಕೆಲವು.

ನನಗೆ ಎಲ್ಲಕ್ಕಿಂತ ಮಜಾ ಅನ್ನಿಸುವುದು ಉಪ್ಪಿನ ವಿಷಯ. ಆಮೆಯ ಕಣ್ಣಿನ ಹತ್ತಿರ ಹೆಚ್ಚಾದ ಉಪ್ಪನ್ನು ಹೊರಹಾಕುವ ಗ್ರಂಥಿ ಇದೆ, ದಡದಲ್ಲಿ ಅದು ಅತ್ತ ಹಾಗೆ ಕಾಣುವುದು ಇದರಿಂದಲೇ, ದುಃಖ ಗಿಃಖ ಏನಿಲ್ಲ. ತೊರಕೆ ಬೇರೆ ದಾರಿ ಹಿಡಿದಿದೆ: ಸಮುದ್ರ ತನ್ನ ಮೈಯ ನೀರನ್ನು ಹೀರದಿರಲಿ ಅಂತ ರಕ್ತ, ಮಾಂಸದಲ್ಲೆಲ್ಲ ಯೂರಿಯಾ ತುಂಬಿಕೊಂಡಿರುತ್ತದೆ. ಹಳಸಿದ ತೊರಕೆ ಮೂಗಿಗೆ ಹೊಡೆಯುತ್ತದಲ್ವಾ, ಆ ಯೂರಿಯಾ ಒಡೆದು ಆದ ಅಮೋನಿಯಾ ಅದು.

ಎರಡೂ ತಳದಲ್ಲೇ ಮೇಯುತ್ತವೆ, ಆದರೆ ಊಟ ಬೇರೆ. ಈಗಲ್ ರೇ ಮರಳು ಕೆದಕಿ ಕಪ್ಪೆಚಿಪ್ಪು, ಏಡಿಗಳನ್ನು ಹಲಗೆಯಂಥ ಹಲ್ಲಿನಲ್ಲಿ ಪುಡಿ ಮಾಡುತ್ತದೆ. ಹಸಿರು ಆಮೆಗೆ ಹಲ್ಲಿಲ್ಲ, ಬೆಳೆದ ಮೇಲೆ ಗರಗಸದಂಚಿನ ಕೊಕ್ಕಿನಿಂದ ಕಡಲಹುಲ್ಲು ಕತ್ತರಿಸುತ್ತದೆ. ಅಗತ್ತಿಯಲ್ಲಿ ಆಮೆಗಳು ಎಷ್ಟು ಮೇದವೆಂದರೆ ಲಗೂನಿನ (ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ಆಳವಿಲ್ಲದ ನೀರು) ಹುಲ್ಲೇ ಕಡಿಮೆಯಾಗಿ, ಮೀನು ಸಿಗದಿರಲು ಇವೇ ಕಾರಣ ಅಂತ ಅಲ್ಲಿನ ಮೀನುಗಾರರು ದೂರಿದ್ದೂ ಉಂಟು.

ಇನ್ನು ಅಪಾಯ. ತೊರಕೆಯ ಬಾಲದ ಬುಡದಲ್ಲಿ ವಿಷದ ಮುಳ್ಳಿದೆ. ತಾನಾಗಿ ಬಂದು ಚುಚ್ಚುವುದಿಲ್ಲ, ಹಿಡಿಯಲು, ಮುಟ್ಟಲು ಹೋದರೆ ಮಾತ್ರ. ಚುಚ್ಚಿದರೆ ಆ ಜಾಗವನ್ನು ಸುಡದಷ್ಟು, ಆದರೆ ಚೆನ್ನಾಗಿ ಬಿಸಿಯಾದ ನೀರಲ್ಲಿ ಇಟ್ಟರೆ ನೋವು ಇಳಿಯುತ್ತದೆ, ಆಸ್ಪತ್ರೆಗಂತೂ ಹೋಗಲೇಬೇಕು. ಎದೆಗೋ ಹೊಟ್ಟೆಗೋ ಚುಚ್ಚಿದ್ದರೆ ಮುಳ್ಳು ಕೀಳಬೇಡಿ. ಆಮೆಯಿಂದ ನಿಮಗೆ ಅಂಥ ಭಯವಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿ ಅದು, ಸೆಲ್ಫಿಗೆ ಅಂತ ಹಿಡಿದೀರಿ, ಜೋಕೆ.