66ರ ಬೀಟಲ್‌ಗೆ 71ರ ಡೋರ್ ಕೂರುತ್ತಾ? ಕೂರುತ್ತೆ, ಆದ್ರೆ…

ಸಾರ್, ನಿಮ್ಮ ಪ್ರಶ್ನೆ ಎರಡು ಸಲ ಓದ್ದೆ. ಗಾಡಿ 1966ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, ಒಂದು ಕಡೆ ಡೋರ್ ಕೆಳಗಡೆ ತುಕ್ಕು ತಿಂದು ಉದುರ್ತಾ ಇದೆ, ಯಾರೋ 71ರದ್ದು ಒಂದು ಖಾಲಿ ಡೋರ್ ಕೊಡ್ತೀನಿ ಅಂದಿದಾರೆ, ನಿಮ್ಮ ಹಳೇ ಡೋರಿನ ಹ್ಯಾಂಡಲ್ಲು, ಲಾಕು, ಗ್ಲಾಸು ಎಲ್ಲಾ ಬಿಚ್ಚಿ ಇದಕ್ಕೆ ಹಾಕ್ಕೋಬಹುದಾ ಅಂತ ಅಲ್ವಾ. ಮೇಲೆ ಕಾಮೆಂಟಲ್ಲಿ ಇಬ್ರು "65ರಿಂದ ಎಲ್ಲಾ ಒಂದೇ, ಕಣ್ಮುಚ್ಕೊಂಡು ತಗೊಳ್ಳಿ" ಅಂದಿದಾರೆ. ಅದು ಅರ್ಧ ನಿಜ, ಇನ್ನರ್ಧ ನಿಮ್ಮನ್ನ ರಸ್ತೆ ಮಧ್ಯ ಸಿಗಾಕಿಸುತ್ತೆ.

ನಿಜ ಇರೋ ಅರ್ಧ ಯಾವುದಪ್ಪಾ ಅಂದ್ರೆ, ಆಗಸ್ಟ್ 1964ರಲ್ಲಿ ಬಾಡಿ ಬದಲಾಯ್ತು, ಗ್ಲಾಸೆಲ್ಲಾ ದೊಡ್ಡದಾಯ್ತು, ಡೋರಿನ ಮುಂದಿನ ತ್ರಿಕೋನ ಗ್ಲಾಸಿನ ಪಟ್ಟಿ ನೆಟ್ಟಗಿದ್ದಿದ್ದು ಸ್ವಲ್ಪ ಓರೆ ಆಯ್ತು. ಅದಾದ್ಮೇಲೆ ಡೋರಿನ ಆಕಾರ, ಇಳಿಸೋ ಗ್ಲಾಸಿನ ಅಳತೆ ಹೆಚ್ಚೂ ಕಡಿಮೆ ಹಾಗೇ ಮುಂದುವರೀತು. ಅದಕ್ಕೇ ಹ್ಯಾಂಡಲ್ ಬಿಟ್ರೆ ಹೊರಗಿಂದ ನೋಡಿದೋರಿಗೆ 66ಕ್ಕೂ 71ಕ್ಕೂ ವ್ಯತ್ಯಾಸಾನೇ ಗೊತ್ತಾಗಲ್ಲ.

ಬದಲಾಗಿದ್ದು ಒಳಗೆ. 66ರ ತನಕ ಹಳೇ ತರದ ಲ್ಯಾಚು, ಅಂದ್ರೆ ಡೋರ್ ಮುಚ್ಚಿದಾಗ ಕಚ್ಕೊಳ್ಳೋ ಕೊಂಡಿ. 67ರ ಮಾಡೆಲ್‌ಗೆ ಲ್ಯಾಚೂ ಹೊಸದು, ಅದು ಕಚ್ಕೊಳ್ಳೋ, ಬಾಡಿ ಕಂಬದ (ಪಿಲ್ಲರ್) ಮೇಲಿನ ಸ್ಟ್ರೈಕರೂ ಹೊಸದು, ಒಳಗೆ ಗುಂಡಿ ಒತ್ತಿ ಲಾಕ್ ಮಾಡೋದೂ ಬಂತು. 68ಕ್ಕೆ ಹೊರಗಿನ ಹ್ಯಾಂಡಲ್ಲೇ ಬೇರೆ, ಹೆಬ್ಬೆರಳಲ್ಲಿ ಒತ್ತೋ ಬಟನ್ ಹೋಗಿ ಬೆರಳಲ್ಲಿ ಹಿಂಡೋ ಟ್ರಿಗರ್ ಬಂತು. ಇದು ಬರೀ ಅಂದಕ್ಕೆ ಮಾಡಿದ್ದಲ್ಲ. ಅಮೆರಿಕದಲ್ಲಿ 1968 ಜನವರಿ 1ರಿಂದ ಡೋರ್ ಲಾಕು, ಹಿಂಜು (ಡೋರ್ ನೇತಾಡೋ ಕೀಲು) ಇಷ್ಟು ಗಟ್ಟಿ ಇರಲೇಬೇಕು ಅಂತ ಕಾನೂನು ಬಂತು, ಅಲ್ಲಿಗೆ ಗಾಡಿ ಮಾರೋ ಕಂಪನಿಗಳೆಲ್ಲಾ ಆ ಹೊತ್ತಿಗೆ ಲ್ಯಾಚ್ ಕಡೆ ಕೈ ಹಾಕಬೇಕಾಯ್ತು. ಅದಕ್ಕೇ ನಾನು ಯಾವ ಹಳೇ ಗಾಡಿ ಆದ್ರೂ, ಅಮೆರಿಕಕ್ಕೆ ಹೋಗ್ತಿದ್ದ ಮಾಡೆಲ್ ಅಂದ್ರೆ ಮೊದಲು 67-68ರ ಗೆರೆ ನೋಡ್ತೀನಿ. ಎರಡನೇ ಗೆರೆ 1973, ಅವಾಗ ಪಕ್ಕದಿಂದ ಗುದ್ದಿದ್ರೆ ಡೋರ್ ಎಷ್ಟು ತಡೀಬೇಕು ಅನ್ನೋ ಕಾನೂನು ಬಂದು ಅಮೆರಿಕನ್ ಕಾರುಗಳ ಡೋರ್ ಒಳಗೆ ಕಬ್ಬಿಣದ ಬೀಮ್ ಸೇರ್ಕೊಂತು, ಡೋರ್ ಭಾರ ಆಯ್ತು, ಅಂಥ ಡೋರನ್ನ ಹಳೇ ಹಿಂಜಿಗೆ ನೇತು ಹಾಕಿದ್ರೆ ಜೋತು ಬೀಳದೇ ಇನ್ನೇನು.

ನನ್ನ ಕಥೆ ಹೇಳ್ಬಿಡ್ತೀನಿ. ನಂದೂ 66, ಎಡಗಡೆಗೆ 68ರ ಡೋರ್ ಸಿಕ್ತು. ಹಿಂಜ್ ಸ್ವಲ್ಪ ಸತಾಯಿಸಿದ್ರೂ ಕೂತ್ಕೊಂತು, ಡೋರ್ ಸುತ್ತ ಬಾಡಿ ಜೊತೆಗಿನ ಗ್ಯಾಪ್ ಎಲ್ಲಾ ಚೆನ್ನಾಗೇ ಬಂತು. ಹೊಸ ಲ್ಯಾಚ್‌ಗೆ ಹೊಸ ಸ್ಟ್ರೈಕರ್ ಬೇಕು ಅಂತ ಗೊತ್ತಿತ್ತು, ಆದ್ರೆ ಪಿಲ್ಲರ್‌ಗೆ ಕೈ ಹಾಕೋಕೆ ಸೋಮಾರಿತನ, ಹಳೇ ಲ್ಯಾಚನ್ನೇ ಅರ ಹಾಕಿ ಉಜ್ಜಿ, ಒಂದು ತಗಡಿನ ತುಂಡು ಇಟ್ಟು ಹೊಸ ಡೋರಿಗೆ ಕೂರಿಸ್ದೆ. ಧಪ್ ಅಂತ ಮುಚ್ತು, ನಾನೂ ಖುಷಿಯಾಗಿ ಪೇಂಟ್ ಮಾಡಿಸ್ದೆ. ಎರಡು ವಾರ ಆದ್ಮೇಲೆ ಒಂದು ತಿರುವಲ್ಲಿ ಡೋರ್ ತಾನಾಗೇ ತೆಕ್ಕೊಂಡು ಅಷ್ಟಗಲ ಆಯ್ತು. ಆ ಕಡೆ ಸೀಟಲ್ಲಿ ಬರೀ ಬ್ಯಾಗ್ ಇತ್ತು, ಬ್ಯಾಗ್ ರಸ್ತೆ ಪಾಲು. ಮನೇಗೆ ಬಂದು ಬಿಚ್ಚಿ ನೋಡಿದ್ರೆ ಲ್ಯಾಚ್ ಸ್ಟ್ರೈಕರ್‌ನ ಬರೀ ತುದೀಲಿ ಹಿಡ್ಕೊಂಡಿತ್ತು, ಉಗುರು ಕಚ್ಕೊಂಡ ಹಾಗೆ, ಆ ತುದಿ ಸವೆದು ಹೊಳೀತಾ ಇತ್ತು. ತಪ್ಪು ಪೂರ್ತಿ ನಂದೇ.

ಆವತ್ತಿಂದ ನಾನು ಡೋರ್ ಪಾರ್ಟ್‌ಗಳನ್ನ ಒಂದೊಂದಾಗಿ ನೋಡೋದೇ ಬಿಟ್ಟಿದೀನಿ, ಜೋಡಿ ಜೋಡಿಯಾಗಿ ನೋಡ್ತೀನಿ. ಹೊರಗಿನ ಹ್ಯಾಂಡಲ್, ಲ್ಯಾಚ್, ಸ್ಟ್ರೈಕರ್, ಒಳಗಿನ ಹ್ಯಾಂಡಲ್ ಇವು ನಾಲ್ಕೂ ಒಂದೇ ಮನೆಯವು, ಬಂದ್ರೆ ನಾಲ್ಕೂ ಒಂದೇ ವರ್ಷದ ಗಾಡಿಯಿಂದ ಬರಬೇಕು. ಗ್ಲಾಸ್ ಏರಿಸೋ ಮಷೀನು ಮತ್ತೆ ಅದರ ಹ್ಯಾಂಡಲ್ ಇನ್ನೊಂದು ಮನೆ. ಇಲ್ಲೂ 67ರ ತನಕದ್ದು ಬೇರೆ, 68ರಿಂದ ಬೇರೆ, ಹಳೇದ್ರಲ್ಲಿ ಹ್ಯಾಂಡಲ್ ಹಿಂದಿನ ಬಟ್ಟಲನ್ನ ಒಳಗೆ ಒತ್ತಿ ಪಿನ್ ತಳ್ಳಬೇಕು, ಹೊಸದ್ರಲ್ಲಿ ಪ್ಲಾಸ್ಟಿಕ್ ಮುಚ್ಚಳ ಎತ್ತಿದ್ರೆ ಕೆಳಗೆ ಸ್ಕ್ರೂ ಇರುತ್ತೆ. ಒಂದರ ಹ್ಯಾಂಡಲ್ ಇನ್ನೊಂದರ ಶಾಫ್ಟ್ ಮೇಲೆ ಸುತ್ತಿಗೇಲಿ ಬಡಿದು ಕೂರಿಸೋರನ್ನ ನೋಡಿದೀನಿ, ನಾಲ್ಕು ದಿನ ತಿರುಗುತ್ತೆ, ಆಮೇಲೆ ಹಲ್ಲು ಜಾರಿ ಗರಗರ ಅನ್ನುತ್ತೆ ಗ್ಲಾಸ್ ಮಾತ್ರ ಅಲ್ಲಾಡಲ್ಲ.

ತಗೊಳ್ಳೋಕೆ ಮುಂಚೆ ವರ್ಷ ಖಾತ್ರಿ ಮಾಡ್ಕೊಳ್ಳಿ, ನಿಮ್ಮ ಗಾಡೀದೂ ಸೇರಿಸಿ. ಆ ಕಾಲದಲ್ಲಿ ಫೋಕ್ಸ್‌ವ್ಯಾಗನ್‌ನೋರ ಮಾಡೆಲ್ ವರ್ಷ ಆಗಸ್ಟ್‌ಗೆ ಶುರುವಾಗ್ತಿತ್ತು, ಹಂಗಾಗಿ 1966 ಅಕ್ಟೋಬರ್‌ನಲ್ಲಿ ತಯಾರಾದ ಗಾಡಿ 67ರ ಮಾಡೆಲ್. ಕಾಗದದಲ್ಲಿ 66 ಅಂತ ಇದ್ರೂ ಲ್ಯಾಚ್ 67ರದ್ದಿರಬಹುದು, ಹಂಗಿದ್ರೆ ನಿಮ್ಮ ಅರ್ಧ ತಲೆನೋವು ಇಲ್ಲೇ ಮುಗೀತು. ಹಿಂದಿನ ಸೀಟ್ ಎತ್ತಿ ನೆಲದ ಮಧ್ಯದ ಉಬ್ಬು (ಟನಲ್) ಮೇಲೆ ಚಾಸಿ ನಂಬರ್ ನೋಡಿ, 116 ಅಂತ ಶುರುವಾದ್ರೆ 66, 117 ಆದ್ರೆ 67, ಮೂರನೇ ಅಂಕಿನೇ ವರ್ಷ. ಇದು ಜರ್ಮನಿ ಗಾಡಿ ಲೆಕ್ಕ. ಬ್ರೆಜಿಲ್‌ನಲ್ಲಿ ತಯಾರಾದವು ಕೊನೇ ತನಕ ಹಳೇ ಚಿಕ್ಕ ಗ್ಲಾಸಲ್ಲೇ ಇದ್ವು, ಹಂಗಾಗಿ ಬರೀ ವರ್ಷ ಕೇಳಿ ಅಲ್ಲಿಂದ ಡೋರ್ ತರಿಸಿದ್ರೆ ಮುಗೀತು ಕಥೆ. ಬಿಡಿ ಪಾರ್ಟ್ ಮೇಲೆ ನಂಬರ್ ಇದ್ರೆ ಇನ್ನೂ ಒಳ್ಳೇದು, ಮಧ್ಯದ ಮೂರಂಕಿ 831 ಅಂದ್ರೆ ಡೋರು, 837 ಅಂದ್ರೆ ಹ್ಯಾಂಡಲ್ಲು ಲಾಕು ಗ್ಲಾಸ್ ಮಷೀನು, 845 ಅಂದ್ರೆ ಗ್ಲಾಸು. ಎಡ ಬಲ ಬೇರೆ ಬೇರೆ ಇರೋ ಪಾರ್ಟ್ ಆದ್ರೆ ನಂಬರಿನ ಕೊನೇ ಅಂಕಿ ಬೆಸ ಇದ್ರೆ ಎಡ, ಸಮ ಇದ್ರೆ ಬಲ, ಗಾಡೀಲಿ ಕೂತು ಮುಂದೆ ನೋಡ್ತಾ ಎಡ ಬಲ.

ನಾನಾಗಿದ್ರೆ ಏನ್ ಮಾಡ್ತಿದ್ದೆ ಅಂದ್ರೆ, 116 ಅಂತ ಖಾತ್ರಿ ಆದ್ರೆ ಆ 71ರ ಡೋರ್ ಬಿಟ್ಟು ನಿಮ್ಮ ಡೋರಿಗೇ ಕೆಳಗೆ ಪ್ಯಾಚ್ ಹಾಕಿಸ್ತಿದ್ದೆ. ತುಕ್ಕು ಕೆಳಗಿನ ನಾಲ್ಕೈದು ಇಂಚಲ್ಲಿ ಇದ್ರೆ ಅದೇ ಕಡಿಮೆ ಕೆಲಸ. ಬೇಕಾದ್ರೆ 71ರ ಡೋರಿನ ಕೆಳಭಾಗಾನೇ ಕತ್ತರಿಸಿ ತಗೊಳ್ಳಿ, ತಗಡಿನ ತಿರುವು ಸರಿಯಾಗಿ ಸಿಗುತ್ತೆ. ಮುಗಿಸೋವಾಗ ಕೆಳಗಿನ ನೀರು ಹೋಗೋ ತೂತು ಬೆಸುಗೇಲೋ ಪುಟ್ಟೀಲೋ ಮುಚ್ಚಿಬಿಡಬೇಡಿ, ಗ್ಲಾಸ್ ಪಕ್ಕದಿಂದ ನೀರು ಡೋರ್ ಒಳಗೆ ಇಳಿಯೋದು ಮಾಮೂಲು, ಹೊರಗೆ ಹೋಗೋಕೆ ದಾರಿ ಇಲ್ದೇ ನಿಂತಿದ್ದಕ್ಕೇ ಮೊದಲ್ನೇ ಸಲಾನೂ ಕೊಳೆತಿರೋದು. ಒಳಗಿನ ಪ್ಯಾನೆಲ್ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸೋದೂ ಮರೀಬೇಡಿ, ಅದಿಲ್ದಿದ್ರೆ ಪ್ಯಾನೆಲ್ ಹಪ್ಪಳ ಆಗುತ್ತೆ.

ಇಲ್ಲ, ಡೋರೇ ಬದಲಾಯಿಸ್ತೀನಿ ಅಂದ್ರೆ ಲ್ಯಾಚು, ಹ್ಯಾಂಡಲ್ಲು, ಮಷೀನು ಎಲ್ಲಾ 68ರ ಮೇಲಿನದ್ದೇ ತಗೊಂಡು ಪಿಲ್ಲರ್‌ನಲ್ಲೂ ಹೊಸ ಸ್ಟ್ರೈಕರ್‌ಗೆ ಜಾಗ ಮಾಡಿಸಲೇಬೇಕು, ಅದು ಬೆಸುಗೆ ಕೆಲಸ, ಗೊತ್ತಿರೋರ ಕೈಲೇ ಮಾಡಿಸಿ. ಹಿಂಜ್ ಸ್ಕ್ರೂಗಳನ್ನ ಬರೀ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸೋಕೆ ಹೋಗಬೇಡಿ, ತಲೆ ಸವೆದು ಹೋಗುತ್ತೆ, ಹಿಂದಿನ ದಿನ ಎಣ್ಣೆ ಬಿಟ್ಟು ಮಾರನೇ ದಿನ ಸುತ್ತಿಗೇಲಿ ಹೊಡೆಯೋ ಇಂಪ್ಯಾಕ್ಟ್ ಡ್ರೈವರ್ ತಗೊಳ್ಳಿ. ಮತ್ತೆ ಕ್ರಮ ಮುಖ್ಯ: ಸ್ಟ್ರೈಕರ್ ಇಲ್ದೇನೇ ಮೊದಲು ಡೋರ್ ನೇತು ಹಾಕಿ ಹಿಂಜಲ್ಲೇ ಗ್ಯಾಪ್ ಸರಿ ಮಾಡಿ. ಸ್ಟ್ರೈಕರ್ ಹಾಕಿದ್ಮೇಲೆ ಅದು ಡೋರನ್ನ ಎತ್ತಿ ಹಿಡ್ಕೊಂಡು ಹಿಂಜಿನ ತಪ್ಪನ್ನ ಮುಚ್ಚಾಕುತ್ತೆ, ಆಮೇಲೆ ನೀವು ತಿಂಗಳುಗಟ್ಟಲೆ ಸ್ಟ್ರೈಕರ್ ಜೊತೆ ಗುದ್ದಾಡ್ತೀರ. ಕೊನೇಗೆ ಲ್ಯಾಚ್‌ಗೆ ಒಂಚೂರು ಗ್ರೀಸ್ ಬಳಿದು ಮೆಲ್ಲಗೆ ಮುಚ್ಚಿ ತೆಗೀರಿ, ಸ್ಟ್ರೈಕರ್ ಮೇಲೆ ಗುರುತು ಅಗಲವಾಗಿ ಬಿದ್ದಿರಬೇಕು, ಬರೀ ಅಂಚಲ್ಲಿ ಗೆರೆ ಬಿದ್ದಿದ್ರೆ ನಂದೇ ಕಥೆ. ಅರ್ಧ ಮುಚ್ಚಿ ಮೊದಲ ಕ್ಲಿಕ್‌ನಲ್ಲಿ ನಿಲ್ಲಿಸಿ ಹೊರಗಿಂದ ಜೋರಾಗಿ ಎಳೆದೂ ನೋಡಿ, ಬಿಟ್ಕೊಂಡ್ರೆ ಗಾಡಿ ಹೊರಗೆ ತೆಗೀಬೇಡಿ.

ಎರಡೂ ಡೋರಿನ ಲ್ಯಾಚ್ ಕಡೆ ಅಂಚು, ನಿಮ್ಮ ಪಿಲ್ಲರಿನ ಸ್ಟ್ರೈಕರು, ಮೂರೂ ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ. ಅಲ್ಲೀತನಕ ಅಡ್ವಾನ್ಸ್ ಕೊಟ್ಟುಬಿಡಬೇಡಿ.