ಪ್ರಕಟವಾದ ತಾಂತ್ರಿಕ ಮಾನಕದ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಪಡೆಯಲು ಎಂಥ ಸಮೀಕ್ಷೆ ಮಾಡಬೇಕು? ಎಷ್ಟು ಜನರ ಉತ್ತರ ಬಂದರೆ ಸಾಕು?

ಸಮೀಕ್ಷೆಯೇ ಬೇಡ, ಸರಿಯಾದ ವಿವರ ಕೇಳುವ ಒಂದು ಫಾರಂ ಸಾಕು. ಹೆಸರು, ಇಮೇಲ್, ಕೆಳಗೆ 'ನಿಮ್ಮ ಅಭಿಪ್ರಾಯ' ಅಂತ ಒಂದು ದೊಡ್ಡ ಚೌಕ: ಮೊದಲು ಇಂಥ ಫಾರಂ ಅನ್ನೇ ನಾನೂ ಇಟ್ಟಿದ್ದೆ. ಅಭಿಪ್ರಾಯಗಳೇನೋ ಬಂದವು, ಬಳಸಲು ಬರಲಿಲ್ಲ.

ಕಾರಣ ಒಂದೇ. ಓದುಗರ ಕೈಯಲ್ಲಿರುವುದು ಯಾವ ಆವೃತ್ತಿ ಎಂದು ಫಾರಂ ಕೇಳುತ್ತಿರಲಿಲ್ಲ. ನಡುವೆ ತಿದ್ದುಪಡಿ ಹೊರಬಂತು. ಹೊಸ ಕಂಡಿಕೆ 5.3 ಸೇರಿತು, ಹಳೆಯ 5.3 ಕೆಳಗಿಳಿದು 5.4 ಆಯಿತು. '5.4 ಅರ್ಥವಾಗುತ್ತಿಲ್ಲ' ಎಂದವರು ಹೇಳಿದ್ದು ಯಾವ 5.4? ಬಂದ ತಾರೀಖಿನಿಂದಲೂ ತಿಳಿಯದು, ಏಕೆಂದರೆ ತಿದ್ದುಪಡಿಯಾದ ಮೇಲೂ ಜನ ಮೊದಲೇ ಇಳಿಸಿಕೊಂಡ ಪಿಡಿಎಫ್ ಅನ್ನೇ ಓದುತ್ತಿರುತ್ತಾರೆ. ಪುಟಸಂಖ್ಯೆ ಕೊಟ್ಟವರದು ಇನ್ನೊಂದು ಗೋಳು: ಮುಖಪುಟ, ಪರಿವಿಡಿಗಳನ್ನು ಪಿಡಿಎಫ್ ಎಣಿಸುತ್ತದೆ, ಪುಟದಡಿ ಅಚ್ಚಾದ ಸಂಖ್ಯೆ ಎಣಿಸುವುದಿಲ್ಲ. ಹಾಗಾಗಿ ಆವೃತ್ತಿ, ತಿದ್ದುಪಡಿ ಸಂಖ್ಯೆ, ಕಂಡಿಕೆ ಮೂರೂ ಕಡ್ಡಾಯವಾಗಿರಲಿ. ಒಮ್ಮೆ ಕೊಟ್ಟ ಕಂಡಿಕೆ ಸಂಖ್ಯೆಯನ್ನು ಬೇರೆಯದಕ್ಕೆ ಕೊಡಬೇಡಿ. ಕಂಡಿಕೆ ತೆಗೆದರೆ ಸಂಖ್ಯೆ ಉಳಿಸಿ 'ಕೈಬಿಡಲಾಗಿದೆ' ಎಂದು ಬರೆಯಿರಿ.

ಉಳಿದ ಕಾಲಂಗಳನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒದ ಅಭಿಪ್ರಾಯ ನಮೂನೆಯಿಂದ ಎತ್ತಿಕೊಳ್ಳಿ: ಚಿತ್ರವೋ ಕೋಷ್ಟಕವೋ, ಆಕ್ಷೇಪ ಸಾಮಾನ್ಯವೋ ತಾಂತ್ರಿಕವೋ ಭಾಷೆಯದೋ, ಆಕ್ಷೇಪವೇನು, ಸೂಚಿಸುವ ಬದಲಾವಣೆ ಏನು. ಒಂದು ಸಾಲಿಗೆ ಒಂದೇ ವಿಷಯ. ಸೂಚಿಸುವ ಬದಲಾವಣೆಯ ಕಾಲಂ ಖಾಲಿ ಬಿಡಲು ಕೊಡಬೇಡಿ. 'ಸೂಕ್ತ ಅವಧಿಯಲ್ಲಿ ಉತ್ತರಿಸಬೇಕು ಎಂಬುದು ಅಸ್ಪಷ್ಟ' ಎಂದಷ್ಟೇ ಬಂದರೆ ಸಮಿತಿ ತಲೆಯಾಡಿಸಿ ಮುಂದೆ ಹೋಗುತ್ತದೆ. '500 ಮಿಲಿಸೆಕೆಂಡಿನೊಳಗೆ ಎಂದು ಬದಲಿಸಿ, ಪರೀಕ್ಷಿಸುವವರಿಗೆ ಮಿತಿ ಬೇಕು' ಎಂದು ಬಂದರೆ ಚರ್ಚೆಗೆ ಹಿಡಿಯಲು ಏನಾದರೂ ಸಿಗುತ್ತದೆ, 500 ತಪ್ಪಾದರೂ ಸರಿಯೇ.

ಬಂದದ್ದನ್ನು ಎರಡು ರಾಶಿ ಮಾಡಿ. ಇಲ್ಲಿ ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್ ಕ್ರಮ ನನಗೆ ಮೆಚ್ಚುಗೆ. ಪ್ರಕಟವಾದ ತಮ್ಮ ದಾಖಲೆಯನ್ನು, ಅಂದರೆ ಆರ್‌ಎಫ್‌ಸಿಯನ್ನು, ಅವರು ಮುಟ್ಟುವುದಿಲ್ಲ, ತಪ್ಪೋಲೆಯನ್ನು (ತಪ್ಪುಗಳ ತಿದ್ದುಪಟ್ಟಿಯನ್ನು) ಪ್ರತ್ಯೇಕವಾಗಿ ಇಡುತ್ತಾರೆ. ಪ್ರತಿ ವರದಿಗೂ ದೃಢಪಟ್ಟಿದೆ, ತಿರಸ್ಕೃತ ಅಥವಾ ಮುಂದಿನ ಪರಿಷ್ಕರಣೆಗೆ ಕಾದಿರಿಸಿದೆ ಎಂಬ ಗುರುತು. ಪ್ರಕಟವಾದಾಗ ಹೇಳಹೊರಟದ್ದು ಒಂದು, ಅಚ್ಚಾದದ್ದು ಇನ್ನೊಂದು ಎಂದಾದರೆ ಅದು ತಪ್ಪೋಲೆಗೆ. ಒಪ್ಪಿದ್ದನ್ನೇ ಬದಲಿಸಬೇಕು ಎನ್ನುವುದು ಮುಂದಿನ ಆವೃತ್ತಿಗೆ. ಇವೆರಡನ್ನು ಕಲಸಿದರೆ ತಪ್ಪು ತಿದ್ದುವ ನೆಪದಲ್ಲಿ ಹೊಸ ನಿಯಮ ನುಸುಳುತ್ತದೆ.

'ಎಷ್ಟು ಜನ' ಎಂದು ಕೇಳಿದ್ದೀರಿ. ಎಣಿಸಲು ಇದು ಮತದಾನವಲ್ಲ. ಮಾನಕದಂತೆ ಸಾಧನ ಕಟ್ಟಿ, ಇನ್ನೊಬ್ಬರ ಸಾಧನದ ಜೊತೆ ಅದು ಮಾತಾಡದೆ ಸಿಕ್ಕಿಕೊಂಡವನ ಒಂದು ಸಾಲು ನಲವತ್ತು 'ಚೆನ್ನಾಗಿದೆ'ಗಳಿಗಿಂತ ತೂಕ. 30 ದಿನದ ಗಡುವೂ ಬೇಡ, ಅಂಥವನಿಗೆ ದೋಷ ಕಾಣುವುದೇ ಕಟ್ಟಲು ಕೂತಾಗ. ಐಎಸ್‌ಒ ಕೂಡ 5 ವರ್ಷಕ್ಕೊಮ್ಮೆಯಾದರೂ ಮಾನಕವನ್ನು ಮರುಪರಿಶೀಲನೆಗೆ ಇಡುತ್ತದೆ. ಅಲ್ಲಿಯವರೆಗೂ ಬಾಗಿಲು ತೆರೆದಿರಲಿ. ಒಪ್ಪದಿದ್ದರೂ ಕಾರಣ ಬರೆದು ಎಲ್ಲರಿಗೂ ಕಾಣುವಂತೆ ಹಾಕಿ, ಇಲ್ಲವಾದರೆ ಅದೇ ಆಕ್ಷೇಪ ಮತ್ತೆ ಮತ್ತೆ ಬರುತ್ತದೆ.

ಫಾರಂ ಬಿಡುವ ಮೊದಲು ಅದನ್ನು ನೋಡೇ ಇರದ ಇಬ್ಬರ ಕೈಗೆ ಕೊಟ್ಟು, ಯಾವುದಾದರೂ ಕೋಷ್ಟಕದ ಒಂದು ಅಂಕಿ ತಪ್ಪೆಂದು ತಿಳಿಸಲು ಹೇಳಿ. ಅವರು ಬರೆದದ್ದನ್ನಷ್ಟೇ ಓದಿ ಕೋಷ್ಟಕದ ಆ ಮನೆಯ ಮೇಲೆ ನಿಮಗೆ ಬೆರಳಿಡಲು ಆಗದಿದ್ದರೆ ಫಾರಂ ಇನ್ನೂ ತಯಾರಾಗಿಲ್ಲ.